ಚಿಕ್ಕ ಗಡಿಯಾರದ ಕಟ್ಟೆ

ಮೈಸೂರಿನಲ್ಲಿ ದಾರಿ ಕೇಳಿದರೆ ರಸ್ತೆಯ ಹೆಸರು ಯಾರೂ ಹೇಳುವುದಿಲ್ಲ, ಸರ್ಕಲ್ಲಿನ ಹೆಸರು ಹೇಳುತ್ತಾರೆ. ಕೆ.ಆರ್. ಸರ್ಕಲ್ಲಿಗೆ ಹೋಗಿ ಬಲಕ್ಕೆ ತಿರುಗಿ, ರಾಮಸ್ವಾಮಿ ಸರ್ಕಲ್ಲಿನಲ್ಲಿ ಇಳಿದುಕೊಳ್ಳಿ, ಹಾರ್ಡಿಂಜ್ ಸರ್ಕಲ್ ದಾಟಿದ ಮೇಲೆ ಯಾರನ್ನಾದರೂ ಕೇಳಿ. ವೈಸ್‌ರಾಯ್ ಹಾರ್ಡಿಂಜ್ ಈ ದೇಶ ಬಿಟ್ಟು ನೂರು ವರ್ಷ ದಾಟಿತು. ಅಲ್ಲೀಗ ಜಯಚಾಮರಾಜ ಒಡೆಯರ ಪ್ರತಿಮೆಯಿದೆ, ಕಾಗದಪತ್ರದಲ್ಲೂ ಅವರದೇ ಹೆಸರಿದೆ. ಆದರೂ ನನ್ನ ವಯಸ್ಸಿನವರ ಬಾಯಲ್ಲಿ ಅದು ಹಾರ್ಡಿಂಜ್ ಸರ್ಕಲ್ಲೇ. ಜನಕ್ಕೆ ವೈಸ್‌ರಾಯ್ ಮೇಲೇನೂ ಪ್ರೀತಿಯಿಲ್ಲ. ತಾವು ನಿಂತು ಬಸ್ಸು ಕಾದ ಜಾಗಕ್ಕೆ ಆಗ ಬಾಯಿಗೆ ಬಂದ ಹೆಸರನ್ನೇ ಅವರು ಉಳಿಸಿಕೊಂಡಿದ್ದಾರೆ, ಅಷ್ಟೆ.

ಇಷ್ಟೊಂದು ವೃತ್ತಗಳು ಊರಿಗೆ ತಾವಾಗಿ ಬಂದವಲ್ಲ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಅದೇ ಆಸುಪಾಸಿನಲ್ಲಿ ಪ್ಲೇಗು ಬಂದು ಇಕ್ಕಟ್ಟಿನ ಕೇರಿಗಳನ್ನು ಖಾಲಿ ಮಾಡಿಸಿತು. ಗಾಳಿ ಬೆಳಕು ಓಡಾಡುವ ಊರು ಬೇಕೆಂಬ ಹಟ ಹುಟ್ಟಿದ್ದು ಆಗ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. ಕೋಟೆಯೊಳಗೆ ಒತ್ತೊತ್ತಾಗಿದ್ದ ಮನೆಗಳು ತೆರವಾದವು. ದಿವಾನ್ ಪೂರ್ಣಯ್ಯನವರು ಕಾವೇರಿಯನ್ನು ಊರಿಗೆ ತರಬೇಕೆಂದು ತೋಡಿಸಲು ಹೊರಟಿದ್ದ ನಾಲೆ ನದಿಯ ನೀರನ್ನು ಕಾಣಲೇ ಇಲ್ಲ, ಕೊಚ್ಚೆಯ ಹಳ್ಳವಾಗಿತ್ತು. ಅದನ್ನು ಮುಚ್ಚಿ ಅದರ ಮೇಲೆ ಹಾಸಿದ ದಾರಿಯೇ ಸಯ್ಯಾಜಿರಾವ್ ರಸ್ತೆ. ಇಂದು ಜಂಬೂಸವಾರಿ ಬನ್ನಿಮಂಟಪಕ್ಕೆ ಸಾಗುವುದು ಆ ನಾಲೆಯ ಮೇಲೆಯೇ. ರಸ್ತೆಗಳು ಕೂಡುವ ಕಡೆ ವೃತ್ತಗಳನ್ನು ಮಾಡಿದರು, ವೃತ್ತದ ನಡುವೆ ಮಂಟಪ ಕಟ್ಟಿ ರಾಜರನ್ನು ನಿಲ್ಲಿಸಿದರು. ಮೆರವಣಿಗೆ ನೋಡಲು ಜನ, ಜನ ನೋಡಲು ರಾಜರು. ಲೆಕ್ಕ ಇಷ್ಟೇ ಇತ್ತು.

ಜನ ಅಲ್ಲಿ ಕೂತು ಮಾತಾಡಲಿ ಎಂದು ಯಾರಾದರೂ ಯೋಚಿಸಿ ಇವನ್ನು ಕಟ್ಟಿದರೆಂದು ನನಗೆ ಅನ್ನಿಸುವುದಿಲ್ಲ. ಕೂತು ಮಾತಾಡುವುದಕ್ಕೆ ನಮ್ಮ ನಾಡಿನಲ್ಲಿ ಮೊದಲಿಂದ ಬೇರೆ ಜಾಗಗಳಿದ್ದವು. ಅರಳಿಕಟ್ಟೆ, ಚಾವಡಿ, ರಥಬೀದಿ, ಸಂತೆಮಾಳ. ಅವನ್ನು ನೆನೆದು ಕಣ್ಣು ತುಂಬಿಕೊಳ್ಳುವವರು ಬಹಳ ಇದ್ದಾರೆ. ನಾನು ಅಷ್ಟು ಸುಲಭಕ್ಕೆ ತುಂಬಿಕೊಳ್ಳಲಾರೆ. ಅರಳಿಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು, ಯಾರು ದೂರದಲ್ಲೇ ಚಪ್ಪಲಿ ಬಿಟ್ಟು ಹಾದುಹೋಗಬೇಕು ಎಂಬುದು ಹುಟ್ಟಿನಲ್ಲೇ ತೀರ್ಮಾನವಾಗಿತ್ತು. ರಥಬೀದಿಗೂ ಅದೇ ಕಟ್ಟಳೆ. ಪೇಟೆಯ ಸರ್ಕಲ್ಲು ಯಾರ ಕೇರಿಯೂ ಆಗಿರಲಿಲ್ಲ. ಅದರ ದೊಡ್ಡ ಗುಣ ಅದು. ಅಲ್ಲಿ ನಿಂತವನ ಮನೆ ಯಾವ ಬೀದಿಯಲ್ಲಿದೆ ಎಂದು ಪಕ್ಕದವನಿಗೆ ತಿಳಿಯುತ್ತಿರಲಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ, ಚಿಕ್ಕ ಗಡಿಯಾರದ ಕಟ್ಟೆಯ ಮೇಲೆ ಕೂತು ನೋಡಿದ್ದು.

ಚಿಕ್ಕ ಗಡಿಯಾರವನ್ನು ಕಟ್ಟಿದ್ದು ವೈಸ್‌ರಾಯ್ ಡಫರಿನ್ 1886ರಲ್ಲಿ ಮೈಸೂರಿಗೆ ಬಂದದ್ದರ ನೆನಪಿಗೆ. ದೇವರಾಜ ಮಾರುಕಟ್ಟೆಯ ದಕ್ಷಿಣದ ತುದಿಯಲ್ಲಿದೆ. ಅದರೆದುರು ಲ್ಯಾನ್ಸ್‌ಡೌನ್ ಕಟ್ಟಡ. ಅದೂ ಇನ್ನೊಬ್ಬ ವೈಸ್‌ರಾಯ್ ಹೆಸರಿನದು, 1892ರದು. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಪುರಭವನ, ಅದರ ಹತ್ತಿರವೇ 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಎಬ್ಬಿಸಿದ ದೊಡ್ಡ ಗಡಿಯಾರ. ಎಪ್ಪತ್ತೈದು ಅಡಿ ಎತ್ತರದ ಆ ಗೋಪುರಕ್ಕೆ ಅರಮನೆಯ ನೌಕರರು ಹಣ ಕೂಡಿಸಿದ್ದರು. ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಕನ್ನಡ ಅಂಕಿ ನೋಡಿ ಹೊತ್ತು ಹೇಳುವುದನ್ನು ನನ್ನ ಓರಗೆಯ ಹುಡುಗರು ಶಾಲೆಗಿಂತ ಮೊದಲು ಅಲ್ಲೇ ಕಲಿತರು.

ಅಪ್ಪ ಸಯ್ಯಾಜಿರಾವ್ ರಸ್ತೆಯ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ತೋರಿಸುವ ಕೆಲಸದಲ್ಲಿದ್ದರು. ನಮ್ಮ ಮನೆ ಮಂಡಿ ಮೊಹಲ್ಲಾದಲ್ಲಿ. ಶಾಲೆಗೆ ರಜೆಯಿದ್ದ ದಿನ ಮಧ್ಯಾಹ್ನದ ಊಟದ ಕ್ಯಾರಿಯರ್ ತಲುಪಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಅಪ್ಪ ಉಂಡು ಕ್ಯಾರಿಯರ್ ತೊಳೆದು ಕೊಡುವವರೆಗೆ ಅಂಗಡಿಯಲ್ಲಿ ನಿಲ್ಲುವಂತಿರಲಿಲ್ಲ, ಯಜಮಾನರಿಗೆ ಇಷ್ಟವಿರಲಿಲ್ಲ. ಹಾಗಾಗಿ ನಾನು ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ.

ಅಲ್ಲಿ ನೋಡುವುದಕ್ಕೆ ಬರವಿರಲಿಲ್ಲ. ಮಾರುಕಟ್ಟೆಯ ಬಾಗಿಲಲ್ಲಿ ಹೂವಿನವರು ಸಾಲಾಗಿ ಕೂತಿರುತ್ತಿದ್ದರು. ಮಲ್ಲಿಗೆ, ಕನಕಾಂಬರ, ಮರುಗ, ಸೇವಂತಿಗೆ, ಒದ್ದೆ ಗೋಣಿಯ ಮೇಲೆ ರಾಶಿ ರಾಶಿ. ಒಬ್ಬ ಗಿಡ್ಡ ಹೆಂಗಸು ಮೊಳ ಹಾಕುವಾಗ ಕೊಳ್ಳಲು ಬಂದವರ ಕಣ್ಣೆಲ್ಲ ಅವಳ ಮೊಣಕೈಯ ಮೇಲೆ. “ನಿನ್ನ ಮೊಳ ನನ್ನ ಗೇಣಿದ್ದಂಗೈತೆ, ಇನ್ನಷ್ಟು ಬುಡವ್ವಾ” ಎಂದು ಯಾರೋ ಅನ್ನುವುದು, ಅವಳು ಸರವನ್ನು ಅವರದೇ ಕೈಗೆ ಕೊಟ್ಟು “ನೀವೇ ಅಳ್ಕೊಳಿ ಕಣವ್ವ” ಅನ್ನುವುದು. ಅಳೆದುಕೊಂಡವರು ನಾಚಿಕೊಂಡೋ ಏನೋ ತಮ್ಮ ಕೈಯನ್ನು ಪೂರಾ ಚಾಚುತ್ತಿರಲಿಲ್ಲ. ಆಕೆಗೆ ಅದು ಚೆನ್ನಾಗಿ ಗೊತ್ತಿತ್ತು. ಟಾಂಗಾದವರು ಕುದುರೆಗೆ ಹುಲ್ಲು ಹಾಕಿ ಕಟ್ಟೆಗೆ ಬೆನ್ನು ಕೊಟ್ಟು ತೂಕಡಿಸುತ್ತಿದ್ದರು. ಗಾರೆ ಕೆಲಸ, ಸುಣ್ಣ ಬಳಿಯುವ ಕೆಲಸ ಹುಡುಕಿಕೊಂಡು ಸುತ್ತಲಿನ ಹಳ್ಳಿಗಳಿಂದ ಬೆಳಿಗ್ಗೆಯೇ ಬಂದು, ಯಾರೂ ಕರೆಯದೆ ಉಳಿದವರು ಬುತ್ತಿ ಬಿಚ್ಚುತ್ತಿದ್ದರು. ಅಂಗಡಿಯವರು ಅವರನ್ನು ಮೆಟ್ಟಿಲಿನಿಂದ ಏಳಿಸುತ್ತಿದ್ದರು, ಹೋಟೆಲಿನವರು ಒಳಗೆ ಬಿಟ್ಟುಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಕಟ್ಟೆಯಿಂದ ಏಳಿಸುವುದಕ್ಕೆ ಯಾರಿಗೂ ಹಕ್ಕಿರಲಿಲ್ಲ.

ಏನೂ ಕೊಳ್ಳದೆ, ಏನೂ ಮಾರದೆ, ಯಾರಿಗೂ ಕಾರಣ ಹೇಳದೆ ಊರಿನ ನಟ್ಟನಡುವೆ ಒಂದು ಗಳಿಗೆ ಕೂರಬಲ್ಲ ಜಾಗ. ಒಂದು ಊರು ತನ್ನ ಬಡವನಿಗೆ ಕೊಡಬಹುದಾದ ದೊಡ್ಡ ಮರ್ಯಾದೆ ಇದು ಎಂದು ನಾನು ನಂಬಿದ್ದೇನೆ. ಉದ್ಯಾನಕ್ಕೆ ಬೇಲಿಯಿದೆ, ಬೀಗವಿದೆ, ಮುಚ್ಚುವ ಹೊತ್ತಿದೆ. ದೇವಸ್ಥಾನಕ್ಕೆ ಮಡಿಯಿದೆ. ಕಟ್ಟೆಗೆ ಇವು ಯಾವುದೂ ಇರಲಿಲ್ಲ.

ರಾತ್ರಿ ಎಂಟೂವರೆಗೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಅಪ್ಪ ನೇರ ಮನೆಗೆ ಬರುತ್ತಿರಲಿಲ್ಲ. ಅಮ್ಮ ಒಂದೊಂದು ದಿನ “ಹೋಗಿ ಕರ್ಕೊಂಡು ಬಾ, ಸಾರು ಆರೋಗುತ್ತೆ” ಎಂದು ನನ್ನನ್ನು ಕಳಿಸುತ್ತಿದ್ದಳು. ಹೋದರೆ ಅಪ್ಪ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಜೊತೆಗೆ ಪಕ್ಕದ ಅಂಗಡಿಗಳ ನಾಲ್ಕೈದು ಮಂದಿ, ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಒಬ್ಬರು, ಅರಮನೆಯ ಕಚೇರಿಯಿಂದ ನಿವೃತ್ತರಾದ ಗುಮಾಸ್ತರೊಬ್ಬರು, ಒಬ್ಬ ಟಾಂಗಾ ಸಾಬರು. ಅಂಗಡಿಯಲ್ಲಿ ಅಪ್ಪನ ಮಾತು “ಬನ್ನಿ ತಾಯಿ, ಯಾವ ಥರದ್ದು ತೋರಿಸ್ಲಿ” ಮತ್ತು “ಆಯ್ತು ಸ್ವಾಮಿ” ಎಂಬ ಎರಡೇ ಸಾಲು. ಮನೆಯಲ್ಲಿ ಅದೂ ಇಲ್ಲ. ಕಟ್ಟೆಯ ಮೇಲೆ ಕೂತ ಅಪ್ಪ ಕೈ ಆಡಿಸಿ, ದನಿ ಏರಿಸಿ, ತೊಡೆ ತಟ್ಟಿ ವಾದ ಮಾಡುತ್ತಿದ್ದರು. ಆ ಮನುಷ್ಯನನ್ನು ಕಂಡು ನನಗೆ ಮೊದಲು ಭಯವಾಯಿತು. ಆಮೇಲೆ ಅವರನ್ನು ನೋಡುವುದಕ್ಕೆಂದೇ ಹೋಗತೊಡಗಿದೆ.

ರಾಜಧನ ರದ್ದಾಗುವ ಮಾತು ಎದ್ದ ದಿನಗಳು ಅವು. ಮೈಸೂರು ಮನೆತನಕ್ಕೆ ವರ್ಷಕ್ಕೆ 26 ಲಕ್ಷ ರೂಪಾಯಿ ಬರುತ್ತಿತ್ತು, ದೇಶದಲ್ಲೇ ಅತಿ ಹೆಚ್ಚು. 1971ರ ಕೊನೆಯಲ್ಲಿ ಸಂವಿಧಾನಕ್ಕೆ ತಿದ್ದುಪಡಿ ತಂದು ಎಲ್ಲ ರಾಜರ ರಾಜಧನವನ್ನೂ ನಿಲ್ಲಿಸಿದರು. ಮೈಸೂರಿನಲ್ಲಿ ಇದನ್ನು ಒಪ್ಪಿ ಮಾತಾಡುವುದು ಸಣ್ಣ ಧೈರ್ಯದ ಕೆಲಸವಾಗಿರಲಿಲ್ಲ. ಮನೆಮನೆಯಲ್ಲೂ ನಾಲ್ವಡಿಯವರ ಪಟ ಇತ್ತು, ನಮ್ಮ ಮನೆಯಲ್ಲೂ. ಅಪ್ಪ ಹೇಳಿದ ಮಾತು ನನಗೆ ಹಾಗೇ ನೆನಪಿದೆ.

“ಕನ್ನಂಬಾಡಿ ಕಟ್ಟಿಸಿದ್ರು, ಕೈ ಮುಗೀತೀನಿ. ಹಂಗಂತ ಅವರ ಮನೆತನದೋರಿಗೆ ವರ್ಷಾವರ್ಷ ನಮ್ಮ ತೆರಿಗೆ ದುಡ್ಡು ಯಾಕೆ ಕೊಡ್ಬೇಕು, ಹೇಳಿ ಸ್ವಾಮಿ?”

ಗುಮಾಸ್ತರು ಎದ್ದುನಿಂತರು. “ಅವರ ಉಪ್ಪು ತಿಂದ ಊರಲ್ಲಿ ಕೂತ್ಕೊಂಡು ಈ ಮಾತಾಡ್ತೀಯಲ್ಲಪ್ಪ” ಎಂದರು. ಮುಖ ಕೆಂಪಾಗಿತ್ತು. ಛತ್ರಿ ತೆಗೆದುಕೊಂಡು ಹೊರಟೇಬಿಟ್ಟರು. ಮರುದಿನ ರಾತ್ರಿ ಅವರು ಮತ್ತೆ ಬಂದು ಅಪ್ಪನ ಪಕ್ಕದಲ್ಲೇ ಕೂತರು, ವಾದ ನಿಂತಲ್ಲಿಂದಲೇ ಮುಂದುವರಿಯಿತು. ಮನೆಯೊಳಗೆ ಇಂಥ ಮಾತು ಬಂದಿದ್ದರೆ ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಅಣ್ಣ ತಮ್ಮಂದಿರು ಇದಕ್ಕಿಂತ ಸಣ್ಣ ಮಾತಿಗೆ ಬೇರೆಯಾದದ್ದನ್ನು ನಾನು ನಮ್ಮ ಬೀದಿಯಲ್ಲೇ ಕಂಡಿದ್ದೆ. ಯಾರದೂ ಅಲ್ಲದ ಜಾಗದಲ್ಲಿ ಆಡಿದ ಜಗಳವನ್ನು ಅಲ್ಲೇ ಬಿಟ್ಟು ಎದ್ದುಬರಬಹುದಿತ್ತು.

ಭಾಷಣಗಳು ನಡೆಯುತ್ತಿದ್ದದ್ದು ಹೆಚ್ಚಾಗಿ ಪುರಭವನದ ಮುಂದಿನ ಬಯಲಿನಲ್ಲಿ. ಆ ಭವನಕ್ಕೆ ರಂಗಾಚಾರ್ಲು ಅವರ ಹೆಸರಿದೆ. 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಶುರು ಮಾಡಿದ ದಿವಾನರು ಅವರು. ದಸರೆಗೆ ಬಂದ ಜಮೀನುದಾರರು, ವ್ಯಾಪಾರಿಗಳು ಒಂದೆಡೆ ಕೂತು ಸರ್ಕಾರಕ್ಕೆ ತಮ್ಮ ಕಷ್ಟ ಹೇಳಿಕೊಳ್ಳುವ ಏರ್ಪಾಡು ಅದು. ಸರ್ಕಾರ ಆ ಮಾತಿಗೆ ಬದ್ಧವಾಗಿರಬೇಕಿರಲಿಲ್ಲ, ಆದರೂ ದೇಶದ ಮಿಕ್ಕ ಸಂಸ್ಥಾನಗಳಿಗೆ ಅದು ಹೊಸತು. ಸಭೆಯ ಒಳಗೆ ಕೂರಲು ಆಸ್ತಿ ಬೇಕಿತ್ತು, ತೆರಿಗೆ ಕಟ್ಟಿರಬೇಕಿತ್ತು. ಹೊರಗೆ ನಿಲ್ಲಲು ಏನೂ ಬೇಕಿರಲಿಲ್ಲ. ಸ್ವಾತಂತ್ರ್ಯದ ಹೋರಾಟ ಮೈಸೂರಿನಲ್ಲಿ ಬೆಳೆದದ್ದು ಈ ಹೊರಗಿನ ಜಾಗಗಳಲ್ಲಿ. ಸುಬ್ಬರಾಯನಕೆರೆಯ ಮೈದಾನದಲ್ಲಿ ಸಭೆ ಸೇರುತ್ತಿದ್ದರು. 1947ರ ಆಗಸ್ಟಿನಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬರಲಿಲ್ಲ. ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿ ಎದ್ದಿತು. ಆ ಗಲಾಟೆಯಲ್ಲಿ ಗುಂಡೇಟು ತಿಂದು ಸತ್ತ ವಿದ್ಯಾರ್ಥಿ ರಾಮಸ್ವಾಮಿ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ರಾಜರ, ವೈಸ್‌ರಾಯ್‌ಗಳ ಹೆಸರಿನ ಸರ್ಕಲ್ಲುಗಳೇ ತುಂಬಿದ ಊರಿನಲ್ಲಿ ಮೀಸೆ ಚಿಗುರುವ ವಯಸ್ಸಿನ ಹುಡುಗನೊಬ್ಬನ ಹೆಸರಿಗೂ ಒಂದು ಸರ್ಕಲ್ಲು ಸಿಕ್ಕಿತು. ಆ ದಿಕ್ಕಿನ ಬಸ್ಸು ಹತ್ತಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಭಾಷಣ ಮುಗಿದ ಮೇಲೆ ನಿಜವಾದ ಸಭೆ ಶುರುವಾಗುತ್ತಿತ್ತು. ವೇದಿಕೆಯ ಮೇಲಿನವರು ಕಾರು ಹತ್ತಿ ಹೋಗುತ್ತಿದ್ದರು. ಕೆಳಗಿನ ಜನ ಕಡಲೆಕಾಯಿ ಪೊಟ್ಟಣ ಹಿಡಿದು, ಸೈಕಲ್ ತಳ್ಳಿಕೊಂಡು, ಎರಡು ಗಡಿಯಾರಗಳ ನಡುವಿನ ದಾರಿಯಲ್ಲಿ ಗುಂಪುಗುಂಪಾಗಿ ನಿಂತು ಆ ಭಾಷಣವನ್ನು ಸುಲಿದು ಹಾಕುತ್ತಿದ್ದರು. ಓದು ಬಾರದವರೂ ಅಂಜದೆ ಮಾತಾಡುತ್ತಿದ್ದರು. ತುರ್ತುಪರಿಸ್ಥಿತಿ ಬಂದಾಗ ಧ್ವನಿವರ್ಧಕಗಳು ಹೋದವು, ಅದಕ್ಕೆ ಯಾರೂ ಅಷ್ಟು ದುಃಖಪಡಲಿಲ್ಲ. ಗುಂಪು ಕರಗಿದ್ದು ಮಾತ್ರ ಎಲ್ಲರಿಗೂ ತಟ್ಟಿತು. ನಾಲ್ಕು ಜನ ಸೇರಿದರೆ ಪೊಲೀಸಿನವನು ಲಾಠಿಯಿಂದ ನೆಲ ಕುಟ್ಟಿಕೊಂಡು ಬರುತ್ತಿದ್ದ. ಅಪ್ಪ ಆ ದಿನಗಳಲ್ಲಿ ಎಂಟೂಮುಕ್ಕಾಲಿಗೆಲ್ಲ ಮನೆಗೆ ಬಂದುಬಿಡುತ್ತಿದ್ದರು. ಬಿಸಿ ಸಾರು ಉಂಡು ಗೋಡೆ ನೋಡುತ್ತ ಕೂರುತ್ತಿದ್ದರು.

ಅದಕ್ಕೂ ಮುಂಚಿನ ಒಂದು ಸಂಗತಿ ಹೇಳಬೇಕು. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಊರು ಹೊತ್ತಿಕೊಂಡಿತು. ಕಾಲೇಜು ಹುಡುಗರು ಬೀದಿಗಿಳಿದರು, ರಾಜ್ಯವೆಲ್ಲ ಗಲಾಟೆ, ಕೊನೆಗೆ ಅವರು ರಾಜೀನಾಮೆ ಕೊಡಬೇಕಾಯಿತು. ದಲಿತ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ನಾನಾಗ ಹೈಸ್ಕೂಲಿನ ಹುಡುಗ. ನಮ್ಮ ಕಟ್ಟೆಯೂ ಆಗ ಪರೀಕ್ಷೆಗೆ ಒಳಗಾಯಿತು, ಅದರಲ್ಲಿ ಗೆದ್ದಿತೆಂದು ನಾನು ಹೇಳಲಾರೆ. ಯಾರ ಮನೆ ಎಲ್ಲಿ ಎಂದು ಕೇಳದ ಜಾಗ ಎಂದೆನಲ್ಲ, ಆ ವಾರ ಕೇಳಿದರು. ಬುತ್ತಿ ಬಿಚ್ಚುತ್ತಿದ್ದ ಕೂಲಿಯವರು ಕೆಲವು ದಿನ ಆ ಕಡೆ ಬರಲಿಲ್ಲ. ಮೊಳೆ ಜೋಡಿಸುವವರೂ ಕಾಣಲಿಲ್ಲ. ಅವರು ಯಾವ ಕೇರಿಯವರು ಎಂಬುದು ನನಗೆ ತಿಳಿದದ್ದೇ ಆಗ.

ಆ ಗಾಯದಿಂದಲೇ ದಲಿತ ಸಂಘರ್ಷ ಸಮಿತಿ ಕಣ್ಣು ಬಿಟ್ಟಿತು. ಮುಂದಿನ ವರ್ಷಗಳಲ್ಲಿ ಅದೇ ಪುರಭವನದ ಎದುರು ನಗಾರಿ, ತಮಟೆ ಹಿಡಿದು ನಿಂತವರು ಅವರು. ಅಂಬೇಡ್ಕರ್ ಪ್ರತಿಮೆ ಈಗ ಅಲ್ಲಿದೆ. ಏಪ್ರಿಲ್ 14ರಂದು ಅಲ್ಲಿ ಸೇರುವ ಜನವನ್ನು ನೋಡಿದವರಿಗೆ, ಒಂದು ಚೌಕವನ್ನು ಜನ ತಮ್ಮದಾಗಿಸಿಕೊಳ್ಳುವುದು ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೆ ಹೊಸ ಬಟ್ಟೆ ತೊಡಿಸಿಕೊಂಡು, ಅಜ್ಜಿಯರ ಕೈ ಹಿಡಿದುಕೊಂಡು ಬರುತ್ತಾರೆ. ತುರ್ತುಪರಿಸ್ಥಿತಿ ಕಳೆದ ಮೇಲೆ ‘ಸಮುದಾಯ’ ನಾಟಕ ತಂಡದವರು ಬೀದಿಗಿಳಿದು ‘ಬೆಲ್ಚಿ’ ನಾಟಕ ಆಡುವುದನ್ನು ನಾನು ಕಂಡದ್ದೂ ಇದೇ ಬಯಲಲ್ಲಿ. ಬಿಹಾರದ ಹಳ್ಳಿಯೊಂದರಲ್ಲಿ ದಲಿತರನ್ನು ಸುಟ್ಟ ಕಥೆ. ಪರದೆಯಿಲ್ಲ, ಬಣ್ಣವಿಲ್ಲ, ಟಿಕೆಟ್ಟಿಲ್ಲ. ಸಂತೆಗೆ ಬಂದ ಹೆಂಗಸೊಬ್ಬಳು ತಲೆಯ ಮೇಲಿನ ಕುಕ್ಕೆ ಇಳಿಸುವುದನ್ನೂ ಮರೆತು ಕೊನೆಯವರೆಗೆ ನಿಂತಿದ್ದಳು. ರಂಗಮಂದಿರದಲ್ಲಿ ಆಡಿದ್ದರೆ ಆಕೆ ಅದನ್ನು ನೋಡುತ್ತಿರಲಿಲ್ಲ.

ಲ್ಯಾನ್ಸ್‌ಡೌನ್ ಕಟ್ಟಡದ ಕಮಾನುಗಳ ಕೆಳಗೆ ಹಳೆಯ ಪುಸ್ತಕದ ಅಂಗಡಿಗಳಿದ್ದವು. ಕೊಳ್ಳಲು ಕಾಸಿಲ್ಲದ ಹುಡುಗ ನಿಂತಲ್ಲೇ ಓದುತ್ತಿದ್ದರೆ ಅಲ್ಲಿನವರು ಬೈಯುತ್ತಿರಲಿಲ್ಲ. ಹಾಳೆ ಮಡಚಬೇಡ ಎನ್ನುತ್ತಿದ್ದರು, ಅಷ್ಟೆ. 2012ರ ಆಗಸ್ಟಿನಲ್ಲಿ ಆ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. ನಾಲ್ಕು ವರ್ಷಕ್ಕೆ, 2016ರ ಆಗಸ್ಟಿನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲ ಕಡೆ ಕುಸಿಯಿತು. ಅಂದಿನಿಂದ ಕೆಡವಿ ಕಟ್ಟಬೇಕೋ, ಉಳಿಸಿ ಗಟ್ಟಿ ಮಾಡಬೇಕೋ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಎರಡೂ ಕಡೆಯವರ ಮಾತು ಕೇಳಿದ್ದೇನೆ. ಕಮಾನು, ಸುಣ್ಣದ ಗಾರೆ, ಪಾರಂಪರಿಕ ನೋಟ ಎನ್ನುತ್ತಾರೆ ಒಬ್ಬರು. ಬಾಳಿಕೆ, ಸುರಕ್ಷತೆ, ವಾಹನ ನಿಲುಗಡೆ ಎನ್ನುತ್ತಾರೆ ಇನ್ನೊಬ್ಬರು. ನಾಲ್ಕು ಜೀವ ಹೋದ ಮೇಲೆ ಸುರಕ್ಷತೆಯ ಮಾತನ್ನು ಹಗುರ ಮಾಡಲಾಗದು. ಆದರೆ ಕಟ್ಟಡ ಎಂಥದ್ದೇ ಇರಲಿ, ಅದರ ಮುಂದೆ ಕೂರುವವನ ಸುದ್ದಿಯನ್ನು ಇಬ್ಬರೂ ಎತ್ತುವುದಿಲ್ಲ. ಚಿಕ್ಕ ಗಡಿಯಾರದ ಸುತ್ತ ಕಲ್ಲುಹಾಸು ಹಾಕಿ ಚೆಂದ ಮಾಡಿದ್ದಾರೆ, ಫೋಟೋಗೆ ಚೆನ್ನಾಗಿ ಬರುತ್ತದೆ. ಮಧ್ಯಾಹ್ನ ಆ ಕಲ್ಲು ಕಾದ ಹಂಚು. ಒಂದು ಮರವಿಲ್ಲ, ಒಂದು ನೀರಿನ ನಲ್ಲಿಯಿಲ್ಲ.

ಅಮ್ಮನ ಬಗ್ಗೆ ಬರೆಯದೆ ಇದನ್ನು ಮುಗಿಸಲಾರೆ. ಅವಳು ಆ ಕಟ್ಟೆಯ ಮೇಲೆ ಎಂದೂ ಕೂತವಳಲ್ಲ. ವಾರಕ್ಕೊಮ್ಮೆ ಮಾರುಕಟ್ಟೆಗೆ ಬರುತ್ತಿದ್ದಳು. ವೀಳ್ಯದೆಲೆ, ಬಾಳೆಹಣ್ಣು, ತರಕಾರಿ ಕೊಂಡು, ಚೀಲ ಭಾರವಾಗಿದ್ದರೂ ಎರಡು ಗಡಿಯಾರಗಳನ್ನೂ ದಾಟಿ ನಡೆದುಬಿಡುತ್ತಿದ್ದಳು. ಹೂವಿನವರು ಕೂತಿದ್ದರು, ನಿಜ. ಅವರ ಮುಂದೆ ಮಾರುವ ಸರಕಿತ್ತು. ಸುಮ್ಮನೆ ಕೂತ ಹೆಂಗಸು ಒಬ್ಬಳೂ ಇರಲಿಲ್ಲ. ದಸರೆಯ ದಿನಗಳಲ್ಲಿ ಮಾತ್ರ ಕಟ್ಟಳೆ ಸಡಿಲುತ್ತಿತ್ತು. ಅರಮನೆಯ ದೀಪ ನೋಡಲು ಊರಿಗೆ ಊರೇ ಹೊರಬಿದ್ದಾಗ ಅಮ್ಮ, ಅತ್ತೆ, ಪಕ್ಕದ ಮನೆಯವರೆಲ್ಲ ಚಾಮರಾಜ ವೃತ್ತದ ಬಳಿ ಸೆರಗು ಹಾಸಿ ಕೂತು ಚುರುಮುರಿ ತಿನ್ನುತ್ತಿದ್ದರು. ಅಲ್ಲಿ ಅಮ್ಮ ಗಟ್ಟಿಯಾಗಿ ನಗುತ್ತಿದ್ದಳು. ಅಪ್ಪನಿಗೆ ವರ್ಷವೆಲ್ಲ ಸಿಕ್ಕಿದ್ದು ಅವಳಿಗೆ ವರ್ಷಕ್ಕೆ ಹತ್ತು ಸಂಜೆ.

ನನ್ನ ಮಗಳು ಇದೇ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಕಟ್ಟೆಯ ಕಥೆ ಕೇಳಿ ಕೇಳಿ ಒಂದು ದಿನ ಅಂದಳು: “ಅಪ್ಪಾ, ನೀವು ಹೇಳೋದೆಲ್ಲ ಚೆನ್ನಾಗಿದೆ. ಆದ್ರೆ ನಾನು ಅಲ್ಲಿ ಅರ್ಧ ಗಂಟೆ ಕೂರ್ಬೇಕಂದ್ರೆ ಮೊದ್ಲು ಏನು ಬೇಕು ಅಂತ ಯಾವತ್ತಾದ್ರೂ ಕೇಳಿದೀರಾ?” ನಾನು ನೆರಳು ಎಂದೆ, ಬೆಂಚು ಎಂದೆ, ಬೆಳಕು ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿದಳು.

ಮಾರುಕಟ್ಟೆಯ ಸುತ್ತಲಿನ ಜಾಗ ಹೇಗಿರಬೇಕೆಂದು ನಾವು ಕೆಲವರು ಸೇರಿ ಒಂದು ಮನವಿ ಬರೆದಿದ್ದೇವೆ. ಹೂವಿನವರು, ಹಳೆಯ ಪುಸ್ತಕದವರು, ಒಬ್ಬ ಟಾಂಗಾದವರು, ಇಬ್ಬರು ಮೇಷ್ಟ್ರುಗಳು ಸಹಿ ಹಾಕಿದ್ದಾರೆ. ಕಟ್ಟೆಗೆ ಬೇಲಿ ಬೇಡ, ನಾಲ್ಕು ಹೊಂಗೆ ಮರ ಬೇಕು, ಕುಡಿಯುವ ನೀರು ಬೇಕು, ಬೆಳಗಿನ ಕೂಲಿಯವರಿಗೆ ನಿಲ್ಲಲು ಸೂರು ಬೇಕು ಎಂದೆಲ್ಲ ಅದರಲ್ಲಿದೆ. ಇವೆಲ್ಲ ಎರಡನೆಯ ಸಾಲಿನಿಂದ ಶುರುವಾಗುತ್ತವೆ. ಮೊದಲ ಸಾಲು ಹೆಂಗಸರ ಶೌಚಾಲಯದ್ದು, ರಾತ್ರಿ ಹತ್ತರವರೆಗೆ ತೆರೆದಿರಬೇಕು ಎಂದು. ಅದನ್ನು ಮಗಳು ತನ್ನ ಕೈಯಾರೆ ಬರೆದಳು.